ಹಸಿರು ಅಕ್ಷರದ ಫೋಟೊಗಳು

ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಎರಡೂ ಹೆಬ್ಬೆರಳು ಬಳಸು ಎಂದು ಮೊಮ್ಮಗಳು ಹೇಳಿಕೊಟ್ಟಿದ್ದಾಳೆ. ನನ್ನ ಹೆಬ್ಬೆರಳು ವರ್ಷಗಟ್ಟಲೆ ಫೋಟೊ ತೊಳೆಯುವ ನೀರಿನಲ್ಲಿ ನೆನೆದು ದಪ್ಪಗಾಗಿದೆ. ಒಂದು ಅಕ್ಷರಕ್ಕೆ ಕಳಿಸಿದರೆ ಅಕ್ಕಪಕ್ಕದ ಎರಡು ಮನೆಯನ್ನೂ ಮಾತಾಡಿಸಿ ಬರುತ್ತದೆ. ಹಾಗಾಗಿ ತಪ್ಪು ಕಂಡರೆ ಹೆಬ್ಬೆರಳಿಗೆ ಬೈಯಿರಿ.

ಶಹಾಪುರದಲ್ಲಿ ಈಗ ಹೆಣ್ಣುಮಕ್ಕಳು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸ್ಕೂಟಿ ಮೇಲೆ ಮದುವೆ ಫೋಟೊಕ್ಕೆ ಹೋಗುತ್ತಾರೆ. ಅವರಲ್ಲಿ ಇಬ್ಬರು ಮೊನ್ನೆ ನನ್ನನ್ನು ನೋಡಲು ಬಂದಿದ್ದರು.

“ಆಯಿ, ನಿಮ್ಮ ಕಾಲದಾಗ ಲೈಟಿಂಗ್ ಹೆಂಗ ಮಾಡ್ತಿದ್ರಿ?” ಎಂದು ಒಬ್ಬಳು ಕೇಳಿದಳು.

“ಕಿಡಕಿ ತಗೀತಿದ್ವಿ” ಎಂದೆ.

ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಅವರು ಹೋದ ಮೇಲೆ, ಬೆಳಕಿನ ಪಾಠ ಹೇಳಲು ಬೇಕಾದಷ್ಟು ಜನ ಇದ್ದಾರೆ, ಉಳಿದದ್ದನ್ನಾದರೂ ನಾನು ಬರೆದಿಡಬೇಕು ಅನಿಸಿತು. ನನ್ನ ಹೆಸರು ನೀಲಮ್ಮ. ನಾನೂ ನನ್ನ ಗಂಡನೂ ಸೇರಿ ಈ ಊರಿನಲ್ಲಿ ಫೋಟೊ ಸ್ಟುಡಿಯೊ ನಡೆಸಿದೆವು. ಅದನ್ನು ಮುಚ್ಚಿ ಕೆಲವು ವರ್ಷಗಳಾದವು. ಆ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಮುಂದೆ ಹಾದುಹೋಗುವಾಗ ನಾನು ಈಗಲೂ ಸೆರಗು ಸರಿಮಾಡಿಕೊಳ್ಳುತ್ತೇನೆ, ಒಳಗೆ ಕನ್ನಡಿ ಇದೆ ಎಂದುಕೊಂಡು.

ಕೆಲಸ ಎಂದಮೇಲೆ ಮೇಲಧಿಕಾರಿ ಇರಬೇಕಲ್ಲ. ನನಗೂ ಒಬ್ಬರಿದ್ದರು. ಬೇರೆಯವರ ಮೇಲಧಿಕಾರಿ ಸಂಜೆಯಾದರೆ ಬಿಟ್ಟು ಹೋಗುತ್ತಾನೆ. ನನ್ನವರು ಹಿಂದೆಯೇ ಮನೆಗೂ ಬಂದು, ಊಟಕ್ಕೆ ಕೂತು, ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುತ್ತಿದ್ದರು. ಈಗಲೂ ಪಕ್ಕದ ಕೋಣೆಯಲ್ಲಿ ಕೂತು ಕೆಮ್ಮುತ್ತಿದ್ದಾರೆ, ನಾನು ಅವರ ಬಗ್ಗೆ ಬರೆಯುತ್ತಿರಬಹುದೆಂಬ ಸಂಶಯಕ್ಕೆ.

ಮೊದಲು ನನಗಿದ್ದ ಕೆಲಸ ಪೌಡರಿನ ಡಬ್ಬಿಯದು. ಸ್ಟುಡಿಯೊದ ಕನ್ನಡಿಯ ಬಾಜೂ ದಾರ ಕಟ್ಟಿದ ಒಂದು ಬಾಚಣಿಗೆ ತೂಗಾಡುತ್ತಿತ್ತು. ಬಂದ ಹೆಂಗಸರಿಗೆ ತಲೆ ಬಾಚಿ, ಪೌಡರು ಹಚ್ಚಿ, ಕುಂಕುಮ ತಿದ್ದಿ ಸ್ಟೂಲಿನ ಮೇಲೆ ಕೂಡಿಸುವುದು ನಾನು. ಒತ್ತುವುದು ಅವರು. ಒಮ್ಮೆ ಹುಣಸಗಿ ಕಡೆಯಿಂದ ಹೊಸ ಮದುವೆಯ ಜೋಡಿಯೊಂದು ಬಂತು. ಹುಡುಗಿ ಸೆರಗು ಮುಖದ ತುಂಬ ಎಳೆದುಕೊಂಡು ಕೂತಳು.

“ಮುಖ ಎತ್ತವ್ವ” ಎಂದು ನಮ್ಮವರು ಕ್ಯಾಮೆರಾದ ಕರಿಬಟ್ಟೆಯೊಳಗಿಂದ ಹೇಳಿದರು. ಆಕೆ ಇನ್ನೂ ಬಗ್ಗಿದಳು. ಗಂಡನೂ ಗದರಿದ. ಹುಡುಗಿ ಅಲ್ಲಾಡಲಿಲ್ಲ. ಕೊನೆಗೆ ನಮ್ಮವರು ಬಟ್ಟೆ ಸರಿಸಿ ಹೊರಗೆ ಬಂದು, “ಏ, ನೀನ ಒತ್ತು ಬಾ. ನಾ ಬಜಾರಕ್ಕ ಹೋಗಿ ಚಾ ಕುಡದು ಬರ್ತೀನಿ” ಎಂದು ಎದ್ದು ಹೋದರು.

ಒತ್ತಿದೆ. ಅದೇ ನನ್ನ ಮೊದಲ ಫೋಟೊ. ಹುಡುಗಿ ಮುಖ ಎತ್ತಿ ಚೆಂದ ಬಂದಿದ್ದಳು. ಪಕ್ಕದಲ್ಲಿ ನಿಂತ ಗಂಡನ ತಲೆ ಹಾರಿಹೋಗಿತ್ತು. ಬರೀ ಕೋಟು, ಅದರ ಮೇಲೆ ಗೋಡೆ. ಕೊಡುವಾಗ ಮಗುಚಿ ಹಿಡಿದು ಕೊಟ್ಟೆ.

ಹುಡುಗಿ ಅದನ್ನು ಹೊರಳಿಸಿ ನೋಡಿ, ಗಂಡನಿಗೆ ಕೇಳದ ಹಾಗೆ, “ಹಿಂಗ ಇರ್ಲಿ ಬಿಡ್ರಿ ಅಕ್ಕಾ, ಚಲೋ ಆಗ್ಯದ. ಮಾತಾಡಂಗಿಲ್ಲ” ಎಂದಳು.

ಅವತ್ತಿನಿಂದ ಹೆಂಗಸರು ಬಂದರೆ ಕ್ಯಾಮೆರಾ ನನ್ನ ಕೈಗೆ ಬರತೊಡಗಿತು. ಆಮೇಲೆ ಮದುವೆಮನೆಗಳಿಗೂ ಕಳಿಸಿದರು. ಅಲ್ಲೊಂದು ಫಜೀತಿ ಆಯಿತು. ಕೊಂಕಲ್‌ನಲ್ಲಿ ಮದುವೆ. ಕ್ಯಾಮೆರಾದಲ್ಲಿ ಹಾಕಿದ್ದ ರೋಲಿನ ತುದಿ ಒಳಗಿನ ಹಲ್ಲಿಗೆ ಸಿಕ್ಕಿರಲಿಲ್ಲ. ಬೆಳಗಿನಿಂದ ನಾನು ಟಕ್ ಟಕ್ ಎಂದು ಒತ್ತಿದ್ದೇ ಒತ್ತಿದ್ದು, ಒಳಗೆ ರೋಲು ಜಾಗ ಬಿಟ್ಟು ಕದಲಿರಲಿಲ್ಲ. ಮರುದಿನ ಕತ್ತಲೆ ಕೋಣೆಯೊಳಗಿಂದ ನಮ್ಮವರ ದನಿ ಬಂತು.

“ನಿನ್ನಿ ಮದವಿಗೇ ಹೋಗಿದ್ದೇನ, ಇಲ್ಲಾ ನಿಮ್ಮ ತವರಮನಿಗಿ ಹೋಗಿ ಮಕ್ಕೊಂಡು ಬಂದೇನ?”

ಅಳುತ್ತ ಮತ್ತೆ ಕೊಂಕಲ್‌ಗೆ ಹೋದೆ. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ. ಮದುಮಗಳ ಅಜ್ಜಿ ಎಲ್ಲ ಕೇಳಿ, “ಅದಕ್ಕ್ಯಾಕ ಅಳ್ತಿಯವ್ವ? ಮತ್ತೊಮ್ಮಿ ನಿಂದರ್ತಾರ. ಮೊನ್ನಿ ಹುಡುಗಿ ಅತ್ತೂ ಅತ್ತೂ ಮಾರಿ ಬಾತಿತ್ತು” ಎಂದಳು. ಸೀರೆ ಉಡಿಸಿ, ಬಾಸಿಂಗ ಕಟ್ಟಿ, ಅಂಗಳದಲ್ಲಿ ಜೋಡಿಯನ್ನು ನಿಲ್ಲಿಸಿ ಮತ್ತೆ ಅಕ್ಕಿಕಾಳು ಹಾಕಿದರು. ಎರಡನೇ ಸಲ ಎಂಬ ನಗೆಯಲ್ಲಿ ಯಾರ ಮುಖವೂ ಬಿಗಿದುಕೊಂಡಿರಲಿಲ್ಲ. ಆ ಕಾಲದ ಮದುವೆ ಫೋಟೊಗಳಲ್ಲಿ ಎಲ್ಲರೂ ಪೊಲೀಸ್ ಠಾಣೆಯಲ್ಲಿ ನಿಂತಂತೆ ಇರುತ್ತಿದ್ದರು. ಕೊಂಕಲ್‌ನ ಆ ಆಲ್ಬಮ್ಮಿನಲ್ಲಿ ಮಾತ್ರ ಅಜ್ಜಿಯಿಂದ ಹಿಡಿದು ಕೂಸಿನವರೆಗೆ ಎಲ್ಲರೂ ನಗುತ್ತಿದ್ದಾರೆ.

ಬರಬರುತ್ತ ರೋಲು ಹೋಯಿತು, ಡಿಜಿಟಲ್ ಬಂತು. ಕತ್ತಲೆ ಕೋಣೆಗೆ ಬಣ್ಣ ಹೊಡೆದು ಕಂಪ್ಯೂಟರ್ ಇಟ್ಟೆವು. ನಮ್ಮವರು ಅದರ ಹತ್ತಿರವೂ ಸುಳಿಯಲಿಲ್ಲ. ನಾನೇ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ನನ್ನ ಮಗಳ ವಯಸ್ಸಿನ ಮೇಡಂ ಹತ್ತಿರ ಕಲಿತೆ. ಆ ಹೊತ್ತಿಗೆ ನನಗೆ ಇನ್ನೊಂದು ಹೆಸರು ಬಿದ್ದಿತ್ತು, ಫೋಟೋವಾಲಿ. ಊರಿನ ಮುಸ್ಲಿಂ ಮನೆಗಳಲ್ಲಿ ಹೆಂಗಸರು ಗೋಷಾದಲ್ಲಿರುವವರು. ಪರಗಂಡಸರ ಮುಂದೆ ಮುಖ ತೋರಿಸುವುದಿಲ್ಲ. ಮದುವೆಯಲ್ಲಿ ಗಂಡಸರ ಕಡೆ ನಮ್ಮವರು, ಪರದೆಯ ಒಳಗೆ ಹೆಂಗಸರ ಕಡೆ ನಾನು. ಒಳಗಿನ ಮದುವೆಯೇ ಬೇರೆ ಇರುತ್ತಿತ್ತು. ಹೊರಗೆ ಗಂಡಸರು ಬಿರಿಯಾನಿ ಉಂಡು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುವಷ್ಟರಲ್ಲಿ ಒಳಗೆ ಹಾಡು, ಕುಣಿತ, ಬೀಗರನ್ನು ಅಣಕಿಸುವುದು, ಎಲ್ಲ ನಡೆದು ಹೋಗಿರುತ್ತಿತ್ತು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಜೀವಂತ ಮುಖಗಳನ್ನು ಬೇರೆಲ್ಲೂ ತೆಗೆದಿಲ್ಲ.

ಜುಬೇದಾ ಆಪಾ ನನಗೆ ಗೊತ್ತಾದದ್ದು ಅಂಥ ಒಂದು ಮದುವೆಯಲ್ಲಿ. ಅವರ ಮಗಳು ಶಬಾನಾಳದೇ ಮದುವೆ, ಸುರಪುರಕ್ಕೆ ಕೊಟ್ಟಿದ್ದರು. ಆಪಾ ಓಣಿಗೇ ಹೆಸರಾದ ಬಿಗಿ ಹೆಂಗಸು. ಅವರು ಕೆಮ್ಮಿದರೆ ಅಡುಗೆಮನೆಯಲ್ಲಿ ಸೊಸೆಯರ ಕೈಯ ಸೌಟು ನಿಲ್ಲುತ್ತಿತ್ತು. ನಾನು ಕ್ಯಾಮೆರಾ ತೆಗೆದ ಕೂಡಲೇ ವಿಚಾರಣೆ ಶುರು ಮಾಡಿದರು.

“ಏ ಫೋಟೋವಾಲಿ, ಇವು ಯಾರ್ ಯಾರ್ ಕೈಗಿ ಹೋಗ್ತಾವ?”

“ಕಲಬುರಗಿ ಲ್ಯಾಬಿಗೆ ಕಳಸ್ತೀವ್ರಿ ಆಪಾ, ಪ್ರಿಂಟಿಗೆ.”

“ಅಲ್ಲಿ ಯಾರ್ ಕುಂತಿರ್ತಾರ?”

“ಗಂಡಸ್ರು.”

“ನಕ್ಕೋ, ಬ್ಯಾಡ. ಹಂಗಾರ ಮುಚ್ಚಿಡು ನಿನ್ನ ಡಬ್ಬಿ.”

ಅಲ್ಲಿದ್ದ ಹುಡುಗಿಯರ ಮುಖ ಬಾಡಿದವು. ನನಗೆ ಮಾತು ಹೊಳೆಯಿತು. “ಲ್ಯಾಬಿಗೆ ಕಳಸಂಗಿಲ್ರಿ. ನನ್ನ ಕಂಪ್ಯೂಟರಿನಾಗ ಅಷ್ಟ ಇರ್ತಾವ. ನಿಮಗ ನೋಡಬೇಕನಿಸಿದಾಗ ಬರ್ರಿ. ಪರದೆ ಹಾಕಿ ತೋರಸ್ತೀನಿ. ಯಾವ ಗಂಡಸಿನ ಕಣ್ಣಿಗೂ ಬೀಳಂಗಿಲ್ಲ.”

“ನಿನ್ನ ಗಂಡ?”

“ಅವರು ಕಂಪ್ಯೂಟರ್ ಮುಟ್ಟಂಗಿಲ್ರಿ. ಎಲ್ಲಿ ಕರೆಂಟ್ ಹೊಡೀತದೋ ಅಂತ ಅಂಜ್ತಾರ.”

ಆಪಾ ಅಂಗೈ ಚಾಚಿದರು. “ಮಾತು ಕೊಟ್ಟೀ ನೋಡು” ಎಂದರು. ಕೊಟ್ಟೆ.

ನಿಕಾಹ್ ಆದ ಮೇಲೆ ಮದುಮಗನನ್ನು ಒಳಗೆ ಕರೆದು ಜಲ್ವಾ ಮಾಡುತ್ತಾರೆ. ಮದುಮಕ್ಕಳ ನಡುವೆ ಕನ್ನಡಿ ಇಟ್ಟು, ಮೇಲೆ ದುಪಟ್ಟಾ ಹೊದಿಸಿ, ಅವನು ಹೆಂಡತಿಯ ಮುಖವನ್ನು ಮೊದಲ ಸಲ ಕನ್ನಡಿಯಲ್ಲಿ ನೋಡಬೇಕು. ಶಬಾನಾಳ ಗಂಡ ಬಗ್ಗಿದ್ದವನು ಬಹಳ ಹೊತ್ತು ಏಳಲೇ ಇಲ್ಲ.

“ಏನ್ ಕಾಣ್ತು ಹೇಳ್ರಿ ದುಲ್ಹಾಭಾಯ್!” ಎಂದು ನಾದಿನಿಯರು ಕಾಡಿದರು. ಚಂದ್ರ ಕಂಡ ಎಂದೋ, ಹೂವು ಕಂಡಿತು ಎಂದೋ ಹೇಳುವುದು ರೂಢಿ.

“ನಂದೇ ಮೂಗು” ಎಂದ ಆ ಬಡಪಾಯಿ. ಕನ್ನಡಿಯನ್ನು ವಾರೆ ಇಟ್ಟಿದ್ದರು.

ಕೋಣೆ ಬಿದ್ದು ಬಿದ್ದು ನಕ್ಕಿತು. ಆಗ ನಾನು ಜುಬೇದಾ ಆಪಾ ಕಡೆ ತಿರುಗಿದೆ. ಬಿಗಿ ಹೆಂಗಸು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಎಲೆಅಡಿಕೆಯ ಕೆಂಪು ಬಾಯಿ ಪೂರ್ತಿ ತೆರೆದು ನಗುತ್ತಿದ್ದರು. ಒತ್ತಿದೆ.

ಆ ಮದುವೆಯಿಂದಲೇ ಸ್ಟುಡಿಯೊದಲ್ಲಿ ಹೊಸ ಪದ್ಧತಿ ಶುರುವಾಯಿತು. ಶುಕ್ರವಾರ ಮಧ್ಯಾಹ್ನ, ಗಂಡಸರೆಲ್ಲ ನಮಾಜಿಗೆ ಹೋದ ಹೊತ್ತಿನಲ್ಲಿ, ಹೆಂಗಸರು ಬರುತ್ತಿದ್ದರು. ನಮ್ಮವರನ್ನು ಹೊರಗೆ ದಬ್ಬಿ, ಒಳಕೋಣೆಗೆ ಪರದೆ ಎಳೆದು, ನಾನು ಕಂಪ್ಯೂಟರ್ ಹಚ್ಚುತ್ತಿದ್ದೆ. ಬುರ್ಖಾ ಸರಿಸಿ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ತಮ್ಮ ತಮ್ಮ ಮದುವೆ ನೋಡುತ್ತಿದ್ದರು. ಕಡಲೆಬೀಜದ ಸಿಪ್ಪೆ ಗುಡಿಸುವುದೇ ನನಗೆ ದೊಡ್ಡ ಕೆಲಸವಾಗುತ್ತಿತ್ತು. ಮುಂದೆ ಸಣ್ಣದೊಂದು ಪ್ರಿಂಟರ್ ತಂದು, ಕೇಳಿದವರಿಗೆ ಕಣ್ಣೆದುರೇ ಪ್ರಿಂಟ್ ತೆಗೆದು ಕೊಡತೊಡಗಿದೆ. ಶಬಾನಾ ತನ್ನವು ಕೆಲವು ಒಯ್ದಳು. ಆಪಾ ಮಾತ್ರ ಒಪ್ಪಲಿಲ್ಲ.

“ಕಾಗದ ಮಾಡಬ್ಯಾಡ. ಕಾಗದ ಇವತ್ತು ನನ್ನ ಪೆಟ್ಟಿಗ್ಯಾಗ ಇರ್ತದ, ನಾಳಿ ಯಾರ ಮನ್ಯಾಗೋ. ನಾನ ಬಂದು ನೋಡ್ತೀನಿ.”

ಬರುತ್ತಿದ್ದರು. ಕುರ್ಚಿಯ ಮೇಲೆ ಕೂತು, “ಹ್ಞೂಂ, ನನ್ನ ನಗಿ ಹಚ್ಚು” ಎನ್ನುತ್ತಿದ್ದರು. ತೋರಿಸಿದರೆ ಕಂಪ್ಯೂಟರಿನ ಮೇಲಿನ ತಮ್ಮನ್ನು ನೋಡಿ ತಾವೇ ನಗುತ್ತಿದ್ದರು. ಆಮೇಲೆ ಮುಖ ಬಿಗಿ ಮಾಡಿಕೊಂಡು, ಬುರ್ಖಾ ಎಳೆದುಕೊಂಡು, ಸೊಸೆಯರನ್ನು ಹೆದರಿಸಲು ಮನೆಗೆ ಹೋಗುತ್ತಿದ್ದರು.

ಆಮೇಲೆ ಯಾವುದೋ ಊರಿನಲ್ಲಿ ಯಾರದೋ ಫೋಟೊ ಫೋನಿನಿಂದ ಫೋನಿಗೆ ಹರಿದಾಡಿತೆಂಬ ಸುದ್ದಿ ಬಂತು. ಹೆಂಗಸರು ಅಂಜಿದರು. ಕಂಪ್ಯೂಟರನ್ನೇ ಯಾರಾದರೂ ಹೊತ್ತೊಯ್ದರೆ? ನಾನು ಕ್ಲಾಸಿನ ಮೇಡಂ ಹತ್ತಿರ ಓಡಿದೆ. ಆಕೆ ಒಂದು ಉಪಾಯ ಕಲಿಸಿದಳು. ಫೋಲ್ಡರಿನ ಮೇಲೆ ಬಲಗಡೆಯಿಂದ ಒತ್ತಿ, ಒಳಗೆ ಒಂದು ಕಡೆ ಟಿಕ್ ಮಾಡಿದರೆ ಎಲ್ಲ ಫೋಟೊಗಳಿಗೂ ಗುಪ್ತಬೀಗ ಬೀಳುತ್ತದೆ. ಬಿದ್ದ ಗುರುತಿಗೆ ಹೆಸರುಗಳು ಹಸಿರು ಅಕ್ಷರದಲ್ಲಿ ಕಾಣುತ್ತವೆ. ಡಿಸ್ಕ್ ಕದ್ದರೂ ಬೇರೆ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ನನಗೆ ಮಾತ್ರ ಎಂದಿನಂತೆ ತೆರೆಯುತ್ತಿದ್ದವು. ಬೇರೇನೂ ಕೇಳುತ್ತಿರಲಿಲ್ಲ. ಹಾಗಾಗಿ ಬೆಳಗ್ಗೆ ಕಂಪ್ಯೂಟರ್ ಹಚ್ಚುವಾಗ ಒತ್ತುವ ಪಾಸ್‌ವರ್ಡೇ ಆ ಬೀಗದ ಕೈ ಎಂದು ತಿಳಿದುಕೊಂಡಿದ್ದೆ.

ಬೀಗ ಹಾಕಿದ ಹೊಸದರಲ್ಲಿ ಮೂಲೆಯಲ್ಲೊಂದು ಚೀಟಿ ಏಳುತ್ತಿತ್ತು. ಕೀಲಿಯನ್ನು ಬೇರೆ ಕಡೆ ತೆಗೆದಿಡಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತೆಂದು ಆಮೇಲೆ ತಿಳಿಯಿತು. ವೈರಸ್ ಔಷಧಿ ಮಾರುವವರ ಕಾಟ ಎಂದುಕೊಂಡು ನಾನು ಅದನ್ನು ಮುಚ್ಚುತ್ತಿದ್ದೆ, ನೊಣ ಓಡಿಸಿದ ಹಾಗೆ.

ಕಂಪ್ಯೂಟರಿಗೂ ವಯಸ್ಸಾಯಿತು. ಹಚ್ಚಿದರೆ ಏಳಲು ಗೋಳಾಡತೊಡಗಿತು. ರಿಪೇರಿಗೆ ಮಲ್ಲು ಬಂದ. ಮಲ್ಲಿಕಾರ್ಜುನ ಎಂಬುದು ಪೂರ್ತಿ ಹೆಸರು. ಊರಿನ ಅರ್ಧ ಕಂಪ್ಯೂಟರುಗಳಿಗೆ ಅವನೇ ವೈದ್ಯ, ಎರಡು ಮಕ್ಕಳ ತಂದೆ, ಬಾಯಿ ಒಂದು ನಿಮಿಷ ಸುಮ್ಮನಿರದು.

“ಅಕ್ಕಾರ, ವಿಂಡೋಸ್ ಕೆಟ್ಟು ಕೆರ ಹಿಡದದ. ಫಾರ್ಮ್ಯಾಟ್ ಹೊಡದು ಹೊಸಾದು ಹಾಕಬೇಕು.”

“ಫೋಟೊ ಹೋಗ್ತಾವೇನೋ?”

“ಫೋಟೊ ಡಿ ಡ್ರೈವಿನಾಗ ಅವಲ್ರಿ, ಅದನ್ನ ಮುಟ್ಟಂಗೇ ಇಲ್ಲ. ಬರೀ ಸಿ ಡ್ರೈವ್ ಅಳಸ್ತೀನಿ.” ಹೇಳುತ್ತಲೇ ಅವನು ಡಿ ತೆರೆದ. “ಇದೇನ್ರಿ ಇದು, ಹಸಿರು ಹಸಿರು? ಒಂದು ತಗದು ನೋಡ್ಲೇನು?”

“ಮಲ್ಲೂ! ಮಾರಿ ಆ ಕಡಿ ಮಾಡು!” ಎಂದು ಚೀರಿ ನಾನು ಹೆಗಲ ಮೇಲಿನ ಟವೆಲನ್ನು ಕಂಪ್ಯೂಟರಿನ ಮುಖದ ಮೇಲೆ ಎಸೆದೆ. “ಅವು ಹೆಣಮಕ್ಕಳವು. ನೀ ನೋಡಬಾರದು.”

“ಆತ್ರಿ, ನೋಡಂಗಿಲ್ಲ. ನನ್ನ ಹೇಂತಿ ಮಾರಿ ನೋಡಾಕ ನಂಗ ಪುರಸೊತ್ತಿಲ್ಲ, ಮಂದೀವು ಏನ್ ಮಾಡ್ಲಿ?” ಎಂದು ಅವನು ಗೋಡೆ ಕಡೆ ತಿರುಗಿ ಕೂತ. ನಾನು ಆ ಫೋಲ್ಡರ್ ಮುಚ್ಚಿದ ಮೇಲೆಯೇ ಟವೆಲ್ ತೆಗೆದದ್ದು.

ಅವನು ಒಂದೇ ಒಂದು ಫೋಟೊ ತೆರೆಯಲು ಹೋಗಿದ್ದರೂ ಅದು ಯಾವ ತರದ ಬೀಗ ಎಂದು ಗುರುತು ಹಿಡಿಯುತ್ತಿದ್ದ. ಮೊದಲು ಬೀಗ ತೆಗೆಸಿ, ಆಮೇಲೆ ಫಾರ್ಮ್ಯಾಟ್ ಹೊಡೆಯುತ್ತಿದ್ದ. ಮರ್ಯಾದಸ್ಥ ಮನುಷ್ಯ, ಗೋಡೆ ನೋಡುತ್ತ ಕೂತ. ನಾನು ಮಾತು ಉಳಿಸಿಕೊಂಡೆ ಎಂದು ಅವನಿಗೆ ಚಹಾ ಮಾಡಿಕೊಟ್ಟೆ.

ಹೊಸ ವಿಂಡೋಸ್ ಬಂತು. ಅದೇ ಹೆಸರು ಇಟ್ಟೆ, ಅದೇ ಪಾಸ್‌ವರ್ಡ್ ಇಟ್ಟೆ. ಡಿ ಡ್ರೈವಿನಲ್ಲಿ ಫೋಟೊಗಳ ಹೆಸರು ಸಾಲಾಗಿ ಹಸಿರಾಗಿ ಕಂಡವು. ನೆಮ್ಮದಿಯಾಯಿತು. ತೆರೆದು ನೋಡುವ ಯೋಚನೆಯೇ ಬರಲಿಲ್ಲ. ಅದು ಮದುವೆಗಳ ಹಂಗಾಮು, ಕೆಲಸ ಕೊರಳಮಟ ಇತ್ತು.

ಹಂಗಾಮು ಮುಗಿಯುವ ಮುಂಚೆಯೇ ಜುಬೇದಾ ಆಪಾ ತೀರಿಕೊಂಡರು. ಸಂಜೆ ಬಟ್ಟೆ ಮಡಚುತ್ತ ಕೂತವರು ಹಾಗೇ ಒರಗಿದರಂತೆ. ಶೋಕದ ದಿನಗಳು ಮುಗಿದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಶಬಾನಾ ಸುರಪುರದ ಬಸ್ಸಿಳಿದು ನೇರ ಸ್ಟುಡಿಯೊಕ್ಕೆ ಬಂದಳು. ಅಳಲಿಲ್ಲ. ತಾಯಿ ಕೂರುತ್ತಿದ್ದ ಕುರ್ಚಿಯ ಮೇಲೆ ಕೂತಳು.

“ಖಾಲಾ, ಅಮ್ಮೀ ನಗಿ ಹಚ್ಚ್ರಿ.”

ಪರದೆ ಎಳೆದು ಬಂದು ಒತ್ತಿದೆ. ಫೋಟೊ ಬರುವ ಜಾಗದಲ್ಲಿ ಒಂದು ಪೆಟ್ಟಿಗೆ ಬಂತು, ನಿಮಗೆ ಅನುಮತಿ ಇಲ್ಲ ಎಂದು. ಕೈ ತಪ್ಪಿರಬೇಕೆಂದು ಮತ್ತೆ ಒತ್ತಿದೆ. ಪಕ್ಕದ್ದನ್ನು ಒತ್ತಿದೆ. ಬೇರೆ ಮದುವೆಯದನ್ನು ಒತ್ತಿದೆ. ಎಲ್ಲದಕ್ಕೂ ಅದೇ ಪೆಟ್ಟಿಗೆ.

“ಏನಾತ್ರಿ?”

“ಒಂದೀಟು ತಡಿಯವ್ವ.”

ಬಂದ್ ಮಾಡಿ ಹಚ್ಚಿದೆ. ಹೆಸರು ಒತ್ತಿದೆ, ಪಾಸ್‌ವರ್ಡ್ ಒತ್ತಿದೆ. ನನ್ನದೇ ಸ್ಟುಡಿಯೊ, ನನ್ನದೇ ಕಂಪ್ಯೂಟರ್, ನಾನೇ ತೆಗೆದ ಫೋಟೊ, ನನಗೇ ಅನುಮತಿ ಇಲ್ಲ. ಶಬಾನಾ ನನ್ನ ಮುಖ ನೋಡಿದಳು, ಆಮೇಲೆ ಕಂಪ್ಯೂಟರ್ ನೋಡಿದಳು.

“ಖಾಲಾ, ಅಮ್ಮೀದು ಬ್ಯಾರೆ ಫೋಟೊ ಇಲ್ರಿ. ಓಟಿನ ಕಾರ್ಡಿನಾಗ ಒಂದದ, ಅದು ಯಾರನ್ನೋ ಕಳ್ಳತನದಾಗ ಹಿಡದಂಗ ಅದ. ಅದು ನಮ್ಮ ಅಮ್ಮೀ ಅಲ್ಲ. ನನ್ನ ಮಗಳು ತನ್ನ ನಾನೀ ನಗೋದ ನೋಡಿಲ್ಲ.”

ಮಲ್ಲುಗೆ ಫೋನ್ ಮಾಡಿದೆ. ಅವನು ಬಂದು, ಪರದೆಯ ಹೊರಗೇ ನಿಂತು, ನಾನು ಒಳಗಿಂದ ಓದಿ ಹೇಳಿದ್ದನ್ನು ಕೇಳಿ ತಲೆಗೆ ಕೈ ಹಚ್ಚಿಕೊಂಡ.

ಮರುದಿನ ಅವನೂ ನಾನೂ ಕಂಪ್ಯೂಟರಿನ ಡಬ್ಬಿ ಕಟ್ಟಿಕೊಂಡು ಯಾದಗಿರಿಗೆ ಹೋದೆವು. ಸ್ಟೇಷನ್ ಹತ್ತಿರ ಈ ಕೆಲಸದಲ್ಲಿ ಪಳಗಿದವರೊಬ್ಬರಿದ್ದರು. ಅವರು ನಿಧಾನ ಬಿಡಿಸಿ ಹೇಳಿದರು. ಬೀಗದ ಕೈ ನನ್ನ ಪಾಸ್‌ವರ್ಡ್ ಅಲ್ಲ. ಬೀಗ ಹಾಕಿದ ದಿನ ಹಳೆಯ ವಿಂಡೋಸ್ ತಾನೇ ಒಂದು ಕೀಲಿ ಮಾಡಿ ಸಿ ಡ್ರೈವಿನಲ್ಲಿ ಬಚ್ಚಿಟ್ಟುಕೊಂಡಿತ್ತು. ಪಾಸ್‌ವರ್ಡ್ ಬರೀ ಆ ಕೀಲಿ ಇಟ್ಟ ಪೆಟ್ಟಿಗೆ ತೆಗೆಯುತ್ತಿತ್ತು. ಫಾರ್ಮ್ಯಾಟ್ ಹೊಡೆದು ಅದರ ಮೇಲೆ ಹೊಸದು ಹಾಕಿದಾಗ ಪೆಟ್ಟಿಗೆಯೂ ಹೋಯಿತು, ಕೀಲಿಯೂ ಹೋಯಿತು.

“ಅದೇ ಹೆಸರು ಇಟ್ಟೀನಲ್ರಿ?” ಎಂದೆ.

“ನೀವು ಅದೇ ಹೆಸರು ಇಟ್ಕೊಂಡ್ರೂ ಹೊಸ ವಿಂಡೋಸಿಗಿ ನೀವು ಬ್ಯಾರೇ ಹೆಂಗಸು ಇದ್ದಂಗ್ರಿ.”

“ಅದು ಬಿಡ್ರಿ, ನನ್ನ ಗಂಡಗೂ ಒಮ್ಮೊಮ್ಮಿ ಹಂಗ ಅನಸ್ತದ. ಆದ್ರೂ ಊಟಕ್ಕ ಕುಂದರ್ತಾನ.”

ಅವರು ನಕ್ಕರು. ಬೀಗ ಒಡೆಯಲು ಬರುವುದಿಲ್ಲವೇ ಎಂದು ಕೇಳಿದೆ. ಯಾರಿಂದಲೂ ಆಗದು, ಅದಕ್ಕೇ ಅದನ್ನು ಮಾಡಿದ್ದು ಎಂದರು. ಎಬ್ಬಿಸಿ ಕಳಿಸುವ ಮುಂಚೆ ಒಂದು ಮಾತು ಸೇರಿಸಿದರು. ಬೀಗ ಹಾಕುವ ಮುಂಚೆ ಆ ಫೋಟೊಗಳು ಬೀಗವಿಲ್ಲದೆ ಅದೇ ಡಿಸ್ಕಿನಲ್ಲಿ ಇದ್ದವಲ್ಲ, ಅಳಿಸಿಹೋದ ಆ ಹಳೆಯ ಪ್ರತಿಗಳ ಚೂರುಗಳು ಎಲ್ಲಾದರೂ ಉಳಿದಿರಬಹುದು. ಒಂದು ಪ್ರೋಗ್ರಾಂ ಹಚ್ಚಿ ಕೆದಕಿದರೆ ಕೆಲವು ಸಿಗುತ್ತವೆ, ಕೆಲವು ಅರ್ಧಂಬರ್ಧ ಸಿಗುತ್ತವೆ.

“ಬಿಟ್ಟು ಹೋಗ್ರಿ. ನಾ ತಗದು ಇಡ್ತೀನಿ.”

“ನೀವು ನೋಡಬೇಕಾಗ್ತದೇನ್ರಿ?”

“ನೋಡದ ಹೆಂಗ ತಗೀಲಿ ತಾಯಿ?”

ಡಬ್ಬಿ ಎತ್ತಿಕೊಂಡು ವಾಪಸ್ ಬಂದೆವು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಇದು ನಾನೊಬ್ಬಳೇ ತೀರ್ಮಾನಿಸುವ ಮಾತಾಗಿರಲಿಲ್ಲ. ಸುರಪುರಕ್ಕೆ ಫೋನ್ ಮಾಡಿ ಶಬಾನಾಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳ ಹಿಂದೆ ಮಗು ಆಡುವ ಸಪ್ಪಳ ಕೇಳುತ್ತಿತ್ತು.

“ಬ್ಯಾಡ್ರಿ ಖಾಲಾ” ಎಂದಳು. “ಆಕಿ ಇದ್ದಾಗ ಯಾರಿಗೂ ಮಾರಿ ತೋರಸ್ಲಿಲ್ಲ. ಸತ್ತ ಮ್ಯಾಲ ನಾ ಹೆಂಗ ತೋರಸ್ಲಿ? ನಂಗ ಎಷ್ಟ ಬೇಕಾಗಿದ್ರೂ ಬ್ಯಾಡ.”

ಫೋನ್ ಇಟ್ಟು ಕೂತೆ. ನಮ್ಮವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಜನ್ಮದಲ್ಲಿ ಕಂಪ್ಯೂಟರ್ ಮುಟ್ಟದ ಮನುಷ್ಯ ಅವತ್ತು ಒಂದು ಮಾತು ಹೇಳಿದರು.

“ಹುಣಸಗಿ ಹುಡುಗಿ ಬಂದಾಗ ನಾ ಏನ್ ಮಾಡಿದ್ನಿ? ಹೊರಗ ಹೋಗಿ ಕುಂತ್ನಿ, ನೀ ಒತ್ತಿದಿ. ಈಗೂ ನೀನ ಒತ್ತು. ಮಲ್ಲು ಹೊರಗ ಕುಂತು ಹೇಳ್ತಾನ.”

ಮಲ್ಲು ಮೊದಲು ಒಪ್ಪಲಿಲ್ಲ. “ಅಕ್ಕಾರ, ನೋಡದ ಹೇಳೋದಂದ್ರ ಫೋನಿನಾಗ ಹೆರಿಗಿ ಮಾಡಿಸಿದಂಗ ಆಗ್ತದ್ರಿ.”

“ಅದನ್ನೂ ಮಾಡಸ್ತಾರ. ಬಾ.”

ಫೋನಿನಲ್ಲಿ ಈ ಉಪಾಯ ಕೇಳಿ ಶಬಾನಾ ಮುಂದಿನ ಶುಕ್ರವಾರ ಬಂದಳು. ಪರದೆಯ ಒಳಗೆ ನಾವಿಬ್ಬರು, ಹೊರಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಮಲ್ಲು. ಯಾದಗಿರಿಯವರಿಂದ ತಂದ ಪ್ರೋಗ್ರಾಮನ್ನು ಅವನು ಮೊದಲೇ ಹಾಕಿಟ್ಟಿದ್ದ.

“ಈಗ ಎಡಕ್ಕ ಒಂದು ಪಟ್ಟಿ ಬಂತೇನ್ರಿ?”

“ಬಂತು.”

“ಅದರಾಗ ಡಿ ಅಂತ ಇದ್ದದ್ದು ಒತ್ತ್ರಿ. ಸಿ ಒತ್ತಬ್ಯಾಡ್ರಿ ಮತ್ತ!”

“ಸಿ ಒತ್ತಿದವ ನೀನಪ್ಪ, ನಾನಲ್ಲ.”

ಹೊರಗೆ ಮಲ್ಲು ಕೆಮ್ಮಿದ.

ಕೆದಕುವುದು ಶುರುವಾಯಿತು. ಒಂದೊಂದಾಗಿ ಚೂರುಗಳು ಏಳತೊಡಗಿದವು. ನನ್ನ ಇಡೀ ಕಸುಬು ಹರಿದುಹೋದ ಬಟ್ಟೆಯ ತುಂಡುಗಳ ಹಾಗೆ ಕಣ್ಣಮುಂದೆ ಬಂತು. ಯಾರದೋ ಪಾಸ್‌ಪೋರ್ಟ್ ಫೋಟೊದ ಬರೀ ಕಿವಿ. ವನದುರ್ಗದ ಕೋಟೆ ಮುಂದೆ ನಿಂತ ಶಾಲೆಯ ಮಕ್ಕಳ ಅರ್ಧ ಸಾಲು. ವಿಮೆಗೆಂದು ತೆಗೆದ ಎಮ್ಮೆಯೊಂದು ಕೊಂಬಿನಿಂದ ಬಾಲದವರೆಗೆ ಒಂದು ಗೆರೆಯೂ ಹಾಳಾಗದೆ ಪೂರ್ತಿ ಬಂತು.

“ಎಮ್ಮಿ ಬಂತು ನೋಡ್ರಿ, ಅಮ್ಮೀ ಬರ್ಲಿಲ್ಲ” ಎಂದಳು ಶಬಾನಾ. ನಗುವುದೋ ಅಳುವುದೋ ಅವಳಿಗೂ ತಿಳಿಯಲಿಲ್ಲ.

ಅವಳ ಮದುವೆಯ ಚೂರುಗಳೂ ಬಂದವು. ಮೆಹಂದಿ ಹಚ್ಚಿದ ಕೈ. ವಾರೆ ಇಟ್ಟ ಕನ್ನಡಿ. ಎಷ್ಟೋ ಫೋಟೊಗಳು ತೆರೆದರೆ ಬರೀ ಬೂದಿ ಬಣ್ಣ. ಪ್ರೋಗ್ರಾಂ ಮುಗಿಯುತ್ತ ಬಂತು. ಶಬಾನಾ ನನ್ನ ಮೊಣಕೈ ಹಿಡಿದಿದ್ದಳು, ಹಿಡಿತ ಬಿಗಿಯುತ್ತ ಹೋಯಿತು. ನಾನು ಮುಂದಿನದನ್ನು ಒತ್ತಿದೆ.

ಮೇಲೆ ಬಣ್ಣದ ಕಾಗದದ ತೋರಣ ಬಂತು. ಅದರ ಕೆಳಗೆ ಜರಿ ಅಂಚಿನ ದುಪಟ್ಟಾ, ಆಮೇಲೆ ಹಣೆ, ಆಮೇಲೆ ಕಣ್ಣು. ಜುಬೇದಾ ಆಪಾ ಕಣ್ಣು. ಸುತ್ತ ಸುಕ್ಕು ಕಟ್ಟಿ, ನೀರು ತುಂಬಿ, ಮಿಂಚುವ ಎರಡು ಕಣ್ಣು. ಮೂಗಿನ ನಡುವಿಗೆ ಬಂದು ಫೋಟೊ ನಿಂತುಬಿಟ್ಟಿತು. ಅದರ ಕೆಳಗೆ ಅಂಚಿನಿಂದ ಅಂಚಿಗೆ ನೇರ ಕತ್ತರಿಸಿದ ಹಾಗೆ ಬೂದಿ ಬಣ್ಣ. ಬಾಯಿ ಇಲ್ಲ. ನಾನು ಮೊದಲ ಸಲ ಗಂಡಸಿನ ತಲೆ ಹಾರಿಸಿದಾಗಲೂ ಇಷ್ಟು ಸಂಕಟ ಆಗಿರಲಿಲ್ಲ.

“ಪೂರ್ತಿ ಬರ್ಲಿಲ್ಲವ್ವ” ಎಂದೆ. “ನಗಿ ಹೋತು.”

ಶಬಾನಾ ಮುಂದಕ್ಕೆ ಬಗ್ಗಿದಳು. ಆ ಬೂದಿ ಬಣ್ಣ ಶುರುವಾಗುವ ಗೆರೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದಳು. ಬುರ್ಖಾದ ಮುಖಪರದೆಯನ್ನು ಹೊರಗೆ ಹೊರಡುವಾಗ ಸರಿಮಾಡುತ್ತಾರಲ್ಲ, ಹಾಗೆ.

“ಖಾಲಾ, ನೋಡ್ರಿ. ಅಮ್ಮೀ ಗೋಷಾ ಹಾಕ್ಕೊಂಡೇ ಬಂದಾಳ.”

ನಾನು ನೋಡಿದೆ. ನಿಜ. ಸ್ಟುಡಿಯೊದ ಬಾಗಿಲಲ್ಲಿ ಅವರು ಪ್ರತಿ ಸಲ ನಿಲ್ಲುತ್ತಿದ್ದದ್ದೇ ಹೀಗೆ.

“ಕಾಗದ ಮಾಡ್ರಿ ಇದನ್ನ” ಎಂದಳು. “ದೊಡ್ಡದು ಮಾಡ್ರಿ. ಪಡಸಾಲ್ಯಾಗ ಹಾಕ್ತೀನಿ, ಬಂದವರು ಹೋದವರು ಎಲ್ಲಾರೂ ನೋಡ್ಲಿ.”

“ಬಂತೇನ್ರಿ ಅಕ್ಕಾರ?” ಎಂದ ಮಲ್ಲು ಹೊರಗಿಂದ. “ಯಾಕ ಸುಮ್ಮನ ಆದ್ರಿ? ಏನರ ಕೆಟ್ಟದೇನು?”

ಶಬಾನಾ ತನ್ನ ಮುಖಪರದೆ ಎಳೆದುಕೊಂಡು ಎದ್ದಳು. ಎದ್ದವಳು ಕೋಣೆಯ ಪರದೆಯನ್ನು ಒಂದು ಬದಿಗೆ ಸರಿಸಿದಳು. “ಭಾಯ್, ಈ ಕಡಿ ತಿರಗ್ರಿ. ನಿಮಗೂ ನೋಡಾಕ ಬರ್ತದ.”

ಮಲ್ಲು ನಂಬಲಿಲ್ಲ. ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದ ಮೇಲೆ ಸ್ಟೂಲು ಬಿಟ್ಟೆದ್ದು, ಬಾಗಿಲಲ್ಲೇ ನಿಂತು, ಕುತ್ತಿಗೆಯನ್ನಷ್ಟೇ ಒಳಗೆ ಹಾಕಿ ಕಂಪ್ಯೂಟರ್ ನೋಡಿದ. ಬಹಳ ಹೊತ್ತು ನೋಡಿದ.

“ಎಷ್ಟ ನಗಾಕತ್ತಾರ್ರಿ ಆಪಾ!” ಎಂದ.